ಪೆಟ್ರೋಲಿನ ಬಿರಡೆ: ಯುದ್ಧೋತ್ತರ ಕಾಲದ ಮಿಲಿಟರಿ ಲಾರಿಗಳ ದುರಸ್ತಿಯನ್ನು ಕುರಿತು

ಸಾರಿಗೆಯ ಇತಿಹಾಸವನ್ನು ಬರೆದವರು ನಮ್ಮಲ್ಲಿ ಸಾಮಾನ್ಯವಾಗಿ ರಸ್ತೆ, ರೈಲು, ಸೇತುವೆ, ಪರವಾನಗಿ, ಸುಂಕ ಇವುಗಳ ಕಡೆಗೆ ಗಮನವಿತ್ತಿದ್ದಾರೆ. ಇದು ಸಹಜವಾದುದೇ. ಇವುಗಳಿಗೆ ಕಡತಗಳುಂಟು, ವರದಿಗಳುಂಟು, ಶಂಕುಸ್ಥಾಪನೆಯ ಕಲ್ಲುಗಳುಂಟು. ಆದರೆ ಆ ರಸ್ತೆಗಳ ಮೇಲೆ ಓಡಿದ ವಾಹನವು ಕೆಟ್ಟು ನಿಂತಾಗ ಅದನ್ನು ಯಾರು ಸರಿಪಡಿಸಿದರು, ಯಾವ ಸಾಮಗ್ರಿಯಿಂದ ಸರಿಪಡಿಸಿದರು, ಆ ವಿದ್ಯೆ ಅವರಿಗೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಪ್ರಕೃತ ಲೇಖನದಲ್ಲಿ ನಾವು ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದಿಂದ ನಾಗರಿಕರ ಕೈಸೇರಿದ ಲಾರಿಗಳ ಒಂದು ಅತಿ ಚಿಕ್ಕ ಅಂಗವನ್ನು ವಿಷಯವನ್ನಾಗಿ ಆರಿಸಿಕೊಂಡಿದ್ದೇವೆ. ಅದು ಟ್ಯಾಂಕಿನಿಂದ ಎಂಜಿನ್ನಿಗೆ ಹರಿಯುವ ಪೆಟ್ರೋಲನ್ನು ಬಿಡುವ ಮತ್ತು ತಡೆಯುವ ಹಿತ್ತಾಳೆಯ ಬಿರಡೆ. ಹೆಬ್ಬೆರಳಿಗಿಂತ ಬಹಳ ದೊಡ್ಡದಲ್ಲದ ಈ ವಸ್ತುವು ಲೇಖನವೊಂದರ ಭಾರವನ್ನು ಹೊತ್ತೀತೇ ಎಂದು ವಾಚಕರು ಶಂಕಿಸಬಹುದು. ಹೊರುವುದೆಂಬುದೇ ನಮ್ಮ ನಂಬಿಕೆ.

ಹೆಸರಿನ ವಿಚಾರದಲ್ಲಿ ಒಂದು ಮಾತು. ಪಠ್ಯಪುಸ್ತಕದ ಕನ್ನಡದಲ್ಲಿ ಇದನ್ನು ಇಂಧನ ಕವಾಟವೆನ್ನಬಹುದು. ಮೋಟಾರು ಶೆಡ್ಡಿನಲ್ಲಿ ಇದು ‘ಪೆಟ್ರೋಲ್ ಕಾಕು’. ನಾವು ಬಿರಡೆಯೆಂಬ ಹಳೆಯ ಮಾತನ್ನು ಬಳಸಿರುವುದಕ್ಕೆ ಕಾರಣವಿದೆ. ವೀಣೆಯ ಬಿರಡೆಯೂ ಈ ಹಿತ್ತಾಳೆಯ ಬಿರಡೆಯೂ ಒಂದೇ ತತ್ತ್ವಕ್ಕೆ ಸೇರಿದುವು. ಎರಡರಲ್ಲಿಯೂ ತುದಿಗೆ ಹೋಗುತ್ತ ಸಣ್ಣದಾಗುವ ಒಂದು ಗೂಟ. ಅದಕ್ಕೆ ಒಪ್ಪುವಂತೆ ಓರೆಯಾಗಿ ಕೊರೆದ ಒಂದು ರಂಧ್ರ. ಒಳಕ್ಕೆ ಒತ್ತಿದಷ್ಟೂ ಬಿಗಿ. ವೀಣೆಯ ಬಿರಡೆ ಸಡಿಲಗೊಂಡರೆ ಶ್ರುತಿ ಇಳಿಯುವುದು. ಲಾರಿಯ ಬಿರಡೆ ಸಡಿಲಗೊಂಡರೆ ಪೆಟ್ರೋಲು ಇಳಿಯುವುದು. ವೈಣಿಕರು ಬಿರಡೆಗೆ ಸೀಮೆಸುಣ್ಣವನ್ನು ತಿಕ್ಕಿ ಕೆಲಸ ಸಾಗಿಸುವರು. ಲಾರಿಯ ಬಿರಡೆಗೆ ಏನನ್ನು ಹಚ್ಚಬೇಕೆಂಬುದು ಅಷ್ಟು ಸುಲಭವಾದ ಪ್ರಶ್ನೆಯಲ್ಲ. ಅದನ್ನು ಮುಂದೆ ವಿಚಾರಿಸುವೆವು.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರವನ್ನು ನಮ್ಮ ವಿಚಾರಕ್ಕೆ ನೆಲೆಯಾಗಿ ಇಟ್ಟುಕೊಂಡರೆ ವಿಷಯದ ಹರಹು ಸ್ಪಷ್ಟವಾಗುತ್ತದೆ. ಶ್ರಾವಣ ಕಳೆದ ಮೇಲಿನ ಮಂಗಳವಾರದಂದು ಇಲ್ಲಿ ನಡೆಯುವ ಮಾರಮ್ಮನ ದೊಡ್ಡ ಜಾತ್ರೆಗೆ ಚಿತ್ರದುರ್ಗ, ಬಳ್ಳಾರಿ ಸೀಮೆಗಳಿಂದಲೂ, ಗಡಿಯಾಚೆಯ ರಾಯದುರ್ಗ, ಕಲ್ಯಾಣದುರ್ಗಗಳ ಕಡೆಯಿಂದಲೂ ಜನ ಬಂದು ಸೇರುವರು. ಹಿಂದೆ ಎತ್ತಿನ ಬಂಡಿಗಳಲ್ಲಿ ಬರುತ್ತಿದ್ದವರು ಈಗ ಟ್ರ್ಯಾಕ್ಟರುಗಳಲ್ಲಿ, ಲಾರಿಗಳಲ್ಲಿ ಬರುತ್ತಾರೆ. ಸೀಮೆಯು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಶೇಂಗಾ ಇಲ್ಲಿನ ಮುಖ್ಯ ಬೆಳೆ. ಚಳ್ಳಕೆರೆಯ ಎಣ್ಣೆಯ ಗಿರಣಿಗಳು ಆ ಪಟ್ಟಣಕ್ಕೆ ತೈಲನಗರಿಯೆಂಬ ಹೆಸರನ್ನು ತಂದುಕೊಟ್ಟುವು. ಕಾಯಿಯನ್ನು ಹೊಲದಿಂದ ಗಿರಣಿಗೆ, ಎಣ್ಣೆಯನ್ನೂ ಹಿಂಡಿಯನ್ನೂ ಗಿರಣಿಯಿಂದ ದೂರದ ಪೇಟೆಗೆ ಸಾಗಿಸುವ ಕೆಲಸವಿಲ್ಲದೆ ಇಂತಹ ಊರು ಬೆಳೆಯಲಾರದು. ಅಲ್ಲದೆ ೧೯೫೩ರ ಅಕ್ಟೋಬರಿನವರೆಗೆ ಬಳ್ಳಾರಿ ಸೀಮೆಯು ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ, ಮೊಳಕಾಲ್ಮೂರಿನ ಕಡೆಯಿಂದ ಹೊರಟ ವಾಹನವು ಸ್ವಲ್ಪ ದೂರದಲ್ಲಿಯೇ ಬೇರೊಂದು ಸರ್ಕಾರದ ರಸ್ತೆಯನ್ನು ಹಿಡಿಯುತ್ತಿತ್ತು.

ಸೈನ್ಯದ ಸಾರಿಗೆಗೂ ಈ ನೆಲಕ್ಕೂ ಇರುವ ನಂಟು ಮೋಟಾರಿಗಿಂತ ಬಹಳ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಅದರ ಎತ್ತುಗಳು ಫಿರಂಗಿಗಳನ್ನೂ ಸಾಮಾನನ್ನೂ ಎಳೆದುವು. ಚಳ್ಳಕೆರೆಯ ಸುತ್ತಣ ವಿಸ್ತಾರವಾದ ಹುಲ್ಲುಗಾವಲುಗಳು ಈ ರಾಸುಗಳ ಕಾವಲುಗಳಾಗಿದ್ದುವು. ೧೮೬೦ರಲ್ಲಿ ಖರ್ಚು ಉಳಿಸುವ ನೆಪದಿಂದ ಇಂಗ್ಲಿಷ್ ಅಧಿಕಾರಿಗಳು ಈ ಇಲಾಖೆಯನ್ನು ಮುಚ್ಚಿ, ಒಳ್ಳೆಯ ಎತ್ತು ಬೇರೆಲ್ಲಿಯೂ ದೊರೆಯದೆ ೧೮೬೬ರಲ್ಲಿ ಮತ್ತೆ ತೆರೆದರು. ಇತ್ತೀಚೆಗೆ ಅದೇ ಕಾವಲುಗಳ ಬಹುಭಾಗವನ್ನು ರಕ್ಷಣಾ ಸಂಶೋಧನೆಯ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಕೊಟ್ಟುದು, ಅದರಿಂದ ದನಗಾಹಿಗಳಿಗೆ ಒದಗಿದ ಕಷ್ಟ, ನ್ಯಾಯಾಲಯದವರೆಗೆ ಹೋದ ವಿವಾದ ಎಲ್ಲರಿಗೂ ತಿಳಿದ ಸಂಗತಿ. ಅದು ಬೇರೆಯೇ ಒಂದು ಲೇಖನಕ್ಕೆ ವಿಷಯ.

ಬಂಡಿಯ ಕಾಲದ ಒಂದು ವಿಶೇಷವನ್ನು ಮಾತ್ರ ಇಲ್ಲಿ ಗಮನಿಸಬೇಕು. ಬಂಡಿಯ ಕಡಾಣಿ ಬಿದ್ದುಹೋದರೆ ಗಾಲಿ ಕಳಚುವುದು. ಆದರೆ ಆ ಕಡಾಣಿಯನ್ನು ಮಾಡಿಕೊಡುವ ಕಮ್ಮಾರನು ಮುಂದಿನ ಊರಿನಲ್ಲಿಯೇ ಇದ್ದನು. ವಸ್ತುವನ್ನು ಮೊದಲು ಮಾಡಿದವನೂ, ಅದು ಕೆಟ್ಟಾಗ ಸರಿಪಡಿಸುವವನೂ ಒಂದೇ ಕಸಬಿನವರು. ಮೋಟಾರು ವಾಹನವು ಈ ಸಂಬಂಧವನ್ನು ಕಡಿದುಹಾಕಿತು. ಲಾರಿಯನ್ನು ಮಾಡಿದವನು ಸಮುದ್ರದಾಚೆ. ಅದು ಕೆಟ್ಟು ನಿಂತದ್ದು ಶೇಂಗಾ ಹೊಲದ ಬದುವಿನಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಈ ದೇಶದಲ್ಲಿಯೇ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸಬೇಕೆಂದು ಬಹುವಾಗಿ ಶ್ರಮಿಸಿದರೂ ಅಂದಿನ ಭಾರತ ಸರ್ಕಾರದಿಂದ ಬೇಕಾದ ಬೆಂಬಲ ದೊರೆಯದೆ ಹೋಯಿತು. ಆದುದರಿಂದ ಯುದ್ಧವು ಬಂದಾಗ ಇಲ್ಲಿದ್ದ ವಾಹನಗಳೆಲ್ಲವೂ ಹೊರದೇಶದ ಭಾಗಗಳನ್ನೇ ಅವಲಂಬಿಸಿದ್ದುವು.

ಯುದ್ಧಕಾಲದ ಮೊದಲ ಪೆಟ್ಟು ಭಾಗಗಳಿಗಲ್ಲ, ಪೆಟ್ರೋಲಿಗೇ ಬಿದ್ದಿತು. ೧೯೪೧ರಲ್ಲಿ ಪೆಟ್ರೋಲಿನ ಪಡಿತರ ಆರಂಭವಾಯಿತು. ೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿನ ಎಣ್ಣೆಯೂ ನಿಂತುಹೋಯಿತು. ಆಗ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆಗಳನ್ನು ಕಟ್ಟಿ, ಅದರ ಅನಿಲದಿಂದ ಎಂಜಿನ್ನನ್ನು ಓಡಿಸುವ ಪದ್ಧತಿ ಬಂದಿತು. ಹಿರಿಯರ ನೆನಪಿನಲ್ಲಿ ಈ ಇದ್ದಿಲು ಬಸ್ಸುಗಳು ಹಾಸ್ಯದ ವಸ್ತುಗಳಾಗಿ ಉಳಿದಿವೆ. ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನೂಕಬೇಕಾಗಿತ್ತೆಂಬುದು ಸಾಮಾನ್ಯವಾದ ಕಥೆ. ಅನಿಲದಿಂದ ಎಂಜಿನ್ನಿನ ಶಕ್ತಿ ಬಹುವಾಗಿ ಕುಗ್ಗುವುದರಿಂದ ಕಥೆಯಲ್ಲಿ ಉತ್ಪ್ರೇಕ್ಷೆ ಹೆಚ್ಚಿಲ್ಲ. ನಮಗೆ ಇಲ್ಲಿ ಮುಖ್ಯವಾದುದು ಬೇರೊಂದು ಅಂಶ. ಎಂಜಿನ್ನು ತಣ್ಣಗಿರುವಾಗ ಅನಿಲದಿಂದ ಹೊತ್ತಿಸುವುದು ಕಷ್ಟ. ಆದುದರಿಂದ ಚಾಲಕನು ಸ್ವಲ್ಪ ಪೆಟ್ರೋಲಿನಿಂದ ಅದನ್ನು ಪ್ರಾರಂಭಿಸಿ, ಒಲೆ ಹದಕ್ಕೆ ಬಂದ ಮೇಲೆ ಪೆಟ್ರೋಲಿನ ಬಿರಡೆಯನ್ನು ಮುಚ್ಚಿ ಅನಿಲಕ್ಕೆ ಬದಲಾಯಿಸುತ್ತಿದ್ದನು. ಸಾಧಾರಣ ವಾಹನದಲ್ಲಿ ತಿಂಗಳುಗಟ್ಟಲೆ ಯಾರೂ ಮುಟ್ಟದ ಬಿರಡೆಯು ಈ ಬಸ್ಸುಗಳಲ್ಲಿ ದಿನಕ್ಕೆ ಹಲವು ಸಲ ತಿರುಗಿತು, ಸವೆಯಿತು. ಸವೆದ ಬಿರಡೆ ಪೂರ್ತಿಯಾಗಿ ಮುಚ್ಚದೆ ಹೋದರೆ, ಪಡಿತರದಲ್ಲಿ ದೊರೆತ ಪೆಟ್ರೋಲು ಅನಿಲದ ಜೊತೆಯಲ್ಲಿಯೇ ಸದ್ದಿಲ್ಲದೆ ಉರಿದುಹೋಗುತ್ತಿತ್ತು. ಬಿರಡೆಯನ್ನು ಉಜ್ಜಿ ಕೂರಿಸುವ ವಿದ್ಯೆ ನಮ್ಮ ಬಸ್ ನಿಲ್ದಾಣಗಳ ಮೇಸ್ತ್ರಿಗಳಿಗೆ ಈ ಅಭಾವದ ದಿನಗಳಲ್ಲಿಯೇ, ಎಂದರೆ ಮಿಲಿಟರಿ ಲಾರಿಗಳು ಬರುವುದಕ್ಕೆ ಮುಂಚೆಯೇ, ಕೈಗೂಡಿತೆಂದು ಊಹಿಸಲು ಇದರಿಂದ ಆಧಾರ ದೊರೆಯುತ್ತದೆ. ಇದ್ದಿಲಿನಂತೆಯೇ ಪೆಟ್ರೋಲಿಗೆ ಇನ್ನೊಂದು ಪೂರಕವೂ ಮೈಸೂರಿನಲ್ಲಿತ್ತು. ಮಂಡ್ಯದಲ್ಲಿ ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಬಟ್ಟಿಯಲ್ಲಿ ಕಾಕಂಬಿಯಿಂದ ತೆಗೆದ ಪವರ್ ಆಲ್ಕೊಹಾಲನ್ನು ಪೆಟ್ರೋಲಿನಲ್ಲಿ ಬೆರೆಸುತ್ತಿದ್ದರು. ಬಿರಡೆಯ ಕಥೆಯಲ್ಲಿ ಈ ಆಲ್ಕೊಹಾಲಿನ ಪಾತ್ರ ಸಣ್ಣದಲ್ಲ.

ಇನ್ನು ಮಿಲಿಟರಿ ಲಾರಿಗಳ ವಿಚಾರ. ಯುದ್ಧಕಾಲದಲ್ಲಿ ಭಾರತಕ್ಕೆ ಬಂದ ಸೈನಿಕ ವಾಹನಗಳಲ್ಲಿ ಕೆನಡಾ ದೇಶದ ಫೋರ್ಡ್ ಮತ್ತು ಷೆವರ್ಲೆ ಕಾರ್ಖಾನೆಗಳು ಒಂದೇ ನಮೂನೆಯಲ್ಲಿ ತಯಾರಿಸಿದ ಚಪ್ಪಟೆ ಮೂತಿಯ ಲಾರಿಗಳು ಗಣ್ಯವಾದುವು. ಆ ದೇಶವು ಯುದ್ಧಕ್ಕಾಗಿ ತಯಾರಿಸಿದ ವಾಹನಗಳು ಒಟ್ಟು ೮ ಲಕ್ಷಕ್ಕೂ ಮಿಕ್ಕಿದ್ದು, ಅವುಗಳಲ್ಲಿ ಸುಮಾರು ೪ ಲಕ್ಷ ಈ ನಮೂನೆಯವು. ಫೋರ್ಡಿನದರಲ್ಲಿ ೮ ಸಿಲಿಂಡರುಗಳ ೯೫ ಅಶ್ವಶಕ್ತಿಯ ಎಂಜಿನ್ನು; ಷೆವರ್ಲೆಯದರಲ್ಲಿ ಸಾಲಾಗಿ ನಿಂತ ೬ ಸಿಲಿಂಡರುಗಳ ೮೫ ಅಶ್ವಶಕ್ತಿಯದು. ಬಹುಪಾಲು ಮಾದರಿಗಳಿಗೆ ಎರಡೆರಡು ಪೆಟ್ರೋಲ್ ಟ್ಯಾಂಕುಗಳಿದ್ದುವು. ಒಂದಕ್ಕೆ ಗುಂಡು ತಗುಲಿ ತೂತಾದರೂ ಇನ್ನೊಂದರಿಂದ ಓಡಬೇಕೆಂಬುದು ಸೈನಿಕನ ದೃಷ್ಟಿ. ಆದುದರಿಂದಲೇ ಎರಡು ಟ್ಯಾಂಕುಗಳ ನಡುವೆ ಆಯ್ಕೆ ಮಾಡುವ ಬಿರಡೆಯು ಅಲ್ಲಿ ಅನಿವಾರ್ಯವಾಗಿತ್ತು.

ಸೈನ್ಯದಲ್ಲಿ ಈ ಬಿರಡೆ ಕೆಟ್ಟರೆ ಅದನ್ನು ರಿಪೇರಿ ಮಾಡುವ ಗೋಜಿಗೆ ಸಾಧಾರಣವಾಗಿ ಹೋಗುತ್ತಿರಲಿಲ್ಲ. ಪಟ್ಟಿಯಲ್ಲಿ ಪ್ರತಿಯೊಂದು ಭಾಗಕ್ಕೂ ಒಂದು ಸಂಖ್ಯೆ; ಆ ಸಂಖ್ಯೆಯನ್ನು ಬರೆದು ಕೇಳಿದರೆ ಉಗ್ರಾಣದಿಂದ ಹೊಸದು ಬರುವುದು; ಹಳೆಯದನ್ನು ಕಳಚಿ ಹೊಸದನ್ನು ಹಾಕುವುದು. ೧೯೪೩ರಲ್ಲಿ ಭಾರತದ ಸೈನ್ಯದಲ್ಲಿ ವಿದ್ಯುತ್ ಮತ್ತು ಯಂತ್ರ ಶಿಲ್ಪಿಗಳ ಪ್ರತ್ಯೇಕ ದಳವನ್ನು ರಚಿಸಿದಾಗ ಅದರ ವ್ಯವಸ್ಥೆಯೂ ಇದೇ ತತ್ತ್ವದ ಮೇಲೆ ನಿಂತಿತು. ಚಿಕ್ಕ ಕೆಲಸ ವಾಹನವಿರುವ ಕಡೆಯಲ್ಲಿ, ದೊಡ್ಡ ಕೆಲಸ ಹಿಂದಿನ ಶಿಬಿರದಲ್ಲಿ, ಪೂರ್ತಿಯಾಗಿ ಬಿಚ್ಚುವ ಕೆಲಸ ನೆಲೆಯ ಕಾರ್ಯಾಗಾರದಲ್ಲಿ. ಬೆಂಗಳೂರಿನ ಹಲಸೂರಿನಲ್ಲಿರುವ ಆರ್ಮಿ ಬೇಸ್ ವರ್ಕ್‌ಶಾಪು ಈ ಕೊನೆಯ ಬಗೆಗೆ ಸೇರಿದುದು. ಯುದ್ಧದಲ್ಲಿ ಕಾಲವೇ ದುಬಾರಿ, ಹಿತ್ತಾಳೆ ಅಗ್ಗ. ಹೀಗಾಗಿ ಬದಲಾವಣೆಯೇ ಅಲ್ಲಿ ನ್ಯಾಯವಾದ ಮಾರ್ಗವಾಗಿತ್ತು.

೧೯೪೫ರಲ್ಲಿ ಯುದ್ಧ ಮುಗಿದಾಗ ಲಾರಿಗಳು ಉಳಿದುವು, ಅವುಗಳನ್ನು ಪೋಷಿಸುತ್ತಿದ್ದ ಉಗ್ರಾಣದ ವ್ಯವಸ್ಥೆ ಉಳಿಯಲಿಲ್ಲ. ಸರ್ಕಾರದ ವಿಲೇವಾರಿ ಇಲಾಖೆಯು ಹೆಚ್ಚುವರಿ ವಾಹನಗಳನ್ನು ಮಾರಿತು. ಡಿಸ್ಪೋಸಲ್ ಎಂಬ ಮಾತು ಕನ್ನಡದ ಪೇಟೆಯ ಭಾಷೆಗೆ ಸೇರಿದುದು ಆಗ. ದೇಶದ ಇತರ ಕಡೆಗಳಂತೆ ಮೈಸೂರು ಸಂಸ್ಥಾನದಲ್ಲಿಯೂ ಇಂತಹ ಲಾರಿಗಳು ಮರದ ಹಲಗೆಯ ಹೊಸ ಮೈಗಳನ್ನು ತೊಟ್ಟು ಸಾಮಾನಿನ ಸಾಗಣೆಗೆ ಇಳಿದುವು. ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ೧೨೦ ಬಸ್ಸುಗಳಿಂದ ಪ್ರಾರಂಭವಾದರೂ, ಸರಕಿನ ಸಾಗಣೆ ಖಾಸಗಿಯವರ ಕೈಯಲ್ಲಿಯೇ ಇತ್ತು. ಹೊಸ ಲಾರಿಯನ್ನು ಕೊಳ್ಳುವ ಶಕ್ತಿಯಿಲ್ಲದವನಿಗೆ ಹಳೆಯ ಮಿಲಿಟರಿ ಲಾರಿಯೇ ಬಂಡವಾಳ. ಕೆಲವು ವರ್ಷಗಳಲ್ಲಿಯೇ ಬಿಡಿಭಾಗಗಳ ಬಾಗಿಲೂ ಮುಚ್ಚುತ್ತ ಬಂದಿತು. ವಾಹನಗಳನ್ನು ಇಲ್ಲಿಯೇ ತಯಾರಿಸದೆ ಬರಿದೆ ಜೋಡಿಸುವವರಿಗೆ ಸರ್ಕಾರದ ಹೊಸ ಧೋರಣೆಯಲ್ಲಿ ಎಡೆಯಿಲ್ಲವಾಗಿ, ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ೧೯೫೪ರ ವೇಳೆಗೆ ಈ ದೇಶದ ತಮ್ಮ ಜೋಡಣೆಯ ಕಾರ್ಖಾನೆಗಳನ್ನು ನಿಲ್ಲಿಸಿದುವು. ಆ ಧೋರಣೆ ದೇಶದ ಕೈಗಾರಿಕೆಗೆ ಒಳಿತನ್ನೇ ಮಾಡಿತೆಂದು ನಾವು ಭಾವಿಸುತ್ತೇವೆ. ಆದರೆ ಹಳೆಯ ಲಾರಿಯ ಮಾಲೀಕನ ಪಾಲಿಗೆ ಅದು ಬೇರೆ ರೀತಿಯಲ್ಲಿ ಕಂಡಿರಬೇಕು.

ಹೀಗೆ ಎರಡು ವಿದ್ಯೆಗಳು ಒಂದೇ ಶೆಡ್ಡಿನಲ್ಲಿ ಎದುರಾದುವು. ಯುದ್ಧದ ಕಾಲದಲ್ಲಿ ಸುಮಾರು ೨೫ ಲಕ್ಷಕ್ಕೆ ಬೆಳೆದಿದ್ದ ಭಾರತದ ಸೈನ್ಯದಿಂದ ಹಿಂದಿರುಗಿದವರಲ್ಲಿ ಲಾರಿಯನ್ನು ನಡೆಸಲು, ಬಿಚ್ಚಲು, ಕೂಡಿಸಲು ಕ್ರಮವಾಗಿ ಕಲಿತವರು ಅನೇಕರಿದ್ದರು. ಅವರ ವಿದ್ಯೆ ಬದಲಾವಣೆಯದು. ಇತ್ತ ಇದ್ದಿಲು ಬಸ್ಸಿನ ಹೊಗೆಯಲ್ಲಿ ಕಲಿತವನ ವಿದ್ಯೆ ದುರಸ್ತಿಯದು. ಯಾವ ದೋಷ ಎಲ್ಲಿದೆಯೆಂದು ಕ್ರಮವಾಗಿ ಹುಡುಕುವುದರಲ್ಲಿ ಮೊದಲಿನವನು ಮೇಲು. ಹುಡುಕಿದ ಮೇಲೆ ಹೊಸ ಭಾಗವಿಲ್ಲದೆಯೇ ಅದನ್ನು ನಿವಾರಿಸುವುದರಲ್ಲಿ ಎರಡನೆಯವನು ಮೇಲು. ಹಳೆಯ ಮಿಲಿಟರಿ ಲಾರಿಗೆ ಎರಡೂ ಬೇಕಾಗಿದ್ದುವು.

ಏಕೆಂದರೆ ಬಿರಡೆಯ ದೋಷವು ಕಣ್ಣಿಗೆ ಕಾಣುವಂತಹುದಲ್ಲ. ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿದ್ದರೆ ಸೋರುವ ಬಿರಡೆಯಿಂದ ಪೆಟ್ರೋಲು ತೊಟ್ಟಿಕ್ಕುವುದು, ವಾಸನೆ ಬರುವುದು, ಯಾರಾದರೂ ತಿಳಿಯಬಹುದು. ಈ ಲಾರಿಗಳಲ್ಲಿಯಾದರೋ ಟ್ಯಾಂಕುಗಳು ಕೆಳಗೆ, ಪಂಪು ಮೇಲೆ. ಬಿರಡೆಯು ಪಂಪು ಹೀರುವ ಕಡೆಯಲ್ಲಿದೆ. ಅಲ್ಲಿ ಸಂದು ಬಿಟ್ಟರೆ ಪೆಟ್ರೋಲು ಹೊರಕ್ಕೆ ಬರುವ ಬದಲು ಗಾಳಿ ಒಳಕ್ಕೆ ಹೋಗುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಬೀಳದು. ಬಿರಡೆ ಒಣಗಿ ಸ್ವಚ್ಛವಾಗಿರುವುದು. ಆದರೆ ಎಂಜಿನ್ನು ಏರಿನಲ್ಲಿ ಉಬ್ಬಸಪಟ್ಟು ನಿಲ್ಲುವುದು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಹೊತ್ತಿಕೊಂಡು ಒಂದೆರಡು ಮೈಲಿ ಓಡುವುದು. ಚಳ್ಳಕೆರೆಯ ಬೇಸಗೆಯಲ್ಲಿ ಇದೇ ಲಕ್ಷಣವನ್ನು ತೋರುವ ಇನ್ನೊಂದು ದೋಷವೂ ಉಂಟು. ಫೋರ್ಡಿನ ಎಂಜಿನ್ನಿನಲ್ಲಿ ಪಂಪು ಎಂಜಿನ್ನಿನ ನೆತ್ತಿಯ ಮೇಲೆಯೇ ಕುಳಿತಿರುವುದರಿಂದ, ಕಾವಿಗೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿ, ಪಂಪಿಗೆ ಎಳೆಯಲು ದ್ರವವೇ ಇಲ್ಲವಾಗುತ್ತದೆ. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತುವುದು ಇದಕ್ಕೆ ಪ್ರಸಿದ್ಧವಾದ ಉಪಾಯ. ಒದ್ದೆ ಬಟ್ಟೆಯಿಂದ ಲಾರಿ ಸರಿಹೋದರೆ ದೋಷ ಕಾವಿನದು. ಹೋಗದಿದ್ದರೆ ಗಾಳಿಯದು ಎಂದು ಸಂದೇಹಿಸಬೇಕು. ಅನಂತರ ಎತ್ತರದಲ್ಲಿ ಒಂದು ಡಬ್ಬಿಯನ್ನು ಕಟ್ಟಿ, ಅದರಿಂದ ನೇರವಾಗಿ ಪೆಟ್ರೋಲನ್ನು ಇಳಿಸಿದಾಗ ಎಂಜಿನ್ನು ಸರಾಗವಾಗಿ ಓಡಿದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲಿಯೋ ದೋಷವಿದೆಯೆಂದು ಸಿದ್ಧವಾಗುತ್ತದೆ. ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಅನ್ವಯ ವ್ಯತಿರೇಕಗಳ ಉದಾಹರಣೆಯಾಗಿ ಹೊಗೆ ಬೆಂಕಿಗಳ ಬದಲು ಇದನ್ನು ಕೊಡಬಹುದು.

ಬಿಚ್ಚಿದ ಬಿರಡೆಯನ್ನು ನೋಡಿದರೆ ಗೂಟದ ಮೈಮೇಲೆ ಸುತ್ತಲೂ ಉಂಗುರದಂತಹ ಗೀರುಗಳು ಕಾಣುವುವು. ಟ್ಯಾಂಕಿನ ತುಕ್ಕು, ರಸ್ತೆಯ ಧೂಳು ಒಳಸೇರಿ, ತಿರುಗಿಸಿದಾಗಲೆಲ್ಲ ಉಳಿಯಂತೆ ಕೆತ್ತಿದ ಗುರುತುಗಳವು. ಇವನ್ನು ನೀಗುವ ಕೆಲಸವು ವಾಲ್ವು ಅರೆಯುವ ಕೆಲಸವನ್ನೇ ಹೋಲುತ್ತದೆ. ಅತಿ ನುಣುಪಾದ ಗ್ರೈಂಡಿಂಗ್ ಪೇಸ್ಟನ್ನು ಎಣ್ಣೆಯಲ್ಲಿ ಕಲಸಿ ಗೂಟಕ್ಕೆ ತೆಳ್ಳಗೆ ಲೇಪಿಸಿ, ರಂಧ್ರದಲ್ಲಿಟ್ಟು ಅತ್ತಿಂದಿತ್ತ ಅರ್ಧರ್ಧ ಸುತ್ತು ತಿರುಗಿಸುತ್ತ, ನಡುನಡುವೆ ಎತ್ತಿ ಬೇರೆ ಸ್ಥಾನದಲ್ಲಿ ಇಳಿಸಬೇಕು. ಎತ್ತದೆ ಒಂದೇ ಸಮನೆ ತಿರುಗಿಸಿದರೆ ಹಳೆಯ ಉಂಗುರಗಳು ಹೋಗಿ ಹೊಸವು ಹುಟ್ಟುವುವು. ಮೈ ಎಲ್ಲೆಡೆಯೂ ಕೂಡಿತೋ ಇಲ್ಲವೋ ಎಂದು ತಿಳಿಯಲು ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕದಡಿ ಸವರಿ, ಒಮ್ಮೆ ತಿರುಗಿಸಿ ತೆಗೆದು ನೋಡುವುದು ಸಾಕು. ಕಾಡಿಗೆ ಅಳಿಸದೆ ಉಳಿದ ಕಡೆ ತಗ್ಗಿದೆಯೆಂದು ಅರ್ಥ. ಈ ಕೆಲಸಕ್ಕೆ ಒಂದು ಮಿತಿಯೂ ಇದೆ. ಅರೆದಂತೆಲ್ಲ ಗೂಟವು ರಂಧ್ರದೊಳಕ್ಕೆ ಇನ್ನಷ್ಟು ಇಳಿಯುವುದು. ಗೂಟದ ಅಡ್ಡತೂತು ಕೊಳವೆಯ ಬಾಯಿಗಿಂತ ಕೆಳಗಾಗುವುದು. ಪೆಟ್ರೋಲಿನ ದಾರಿ ಕಿರಿದಾಗುವುದು. ಆದುದರಿಂದ ಒಂದು ಬಿರಡೆಯನ್ನು ಎರಡು ಮೂರು ಸಲ ಅರೆಯಬಹುದೇ ಹೊರತು ಎಂದೆಂದಿಗೂ ಅರೆಯುತ್ತಿರಲಾಗದು. ಮಿತಿ ಮೀರಿದಾಗ ಹಿತ್ತಾಳೆಯ ಸರಳಿನಿಂದ ಹೊಸ ಗೂಟವನ್ನು ಲೇತಿನ ಮೇಲೆ ತಿರುಗಿಸಬೇಕು. ಇಲ್ಲಿಗೆ ಬಂದಾಗ ಮೋಟಾರು ಮೇಸ್ತ್ರಿಯ ಕೆಲಸ ಮುಗಿದು ಕಂಚುಗಾರನ ಕೆಲಸ ಮೊದಲಾಗುತ್ತದೆ; ಕಡಾಣಿಯ ಕಾಲದ ಸಂಬಂಧ ಸುತ್ತು ಬಳಸಿ ಹಿಂದಿರುಗುತ್ತದೆ.

ಬಿರಡೆಯೊಂದಿಗೆ ಬಂದ ತಾಮ್ರದ ಕೊಳವೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಲಾರಿಯ ಅದುರಿಗೆ ತಾಮ್ರವು ಕ್ರಮೇಣ ಗಡುಸಾಗಿ ಬಿರಿಯುವುದು. ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮತ್ತೆ ಮೆತ್ತಗಾಗುವುದು. ಕಬ್ಬಿಣಕ್ಕೆ ನೀರು ಗಡಸುತನವನ್ನು ಕೊಡುವುದನ್ನೇ ಕಂಡ ಕಮ್ಮಾರನಿಗೆ ಇದು ವಿಚಿತ್ರವಾಗಿ ತೋರಿದ್ದೀತು.

ಇನ್ನು, ಬಿರಡೆಗೆ ಏನನ್ನು ಹಚ್ಚಬೇಕೆಂಬ ಪ್ರಶ್ನೆ. ಗ್ರೀಸನ್ನು ಹಚ್ಚಿದರೆ ಪೆಟ್ರೋಲು ಅದನ್ನು ಕರಗಿಸಿ ಒಯ್ಯುವುದು. ಚಳ್ಳಕೆರೆಯಲ್ಲಿ ಬೇಕಾದಷ್ಟು ದೊರೆಯುವ ಶೇಂಗಾ ಎಣ್ಣೆಯ ಗತಿಯೂ ಅಷ್ಟೆ. ಎಣ್ಣೆಗಳಲ್ಲಿ ಹರಳೆಣ್ಣೆಯೊಂದು ಮಾತ್ರ ಸ್ವಭಾವದಲ್ಲಿ ಭಿನ್ನ. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆಯದು. ಗೂಟಕ್ಕೆ ಹರಳೆಣ್ಣೆ, ತಿರುಪಿನ ಸಂದುಗಳಿಗೆ ಬಟ್ಟೆ ತೊಳೆಯುವ ಸಾಬೂನು ಅಥವಾ ಅರಗು: ಇವು ಪೆಟ್ರೋಲನ್ನು ತಡೆಯಬಲ್ಲ ಸಾಮಗ್ರಿಗಳು. ಮೂರೂ ಹಳ್ಳಿಯ ಸಂತೆಯಲ್ಲಿಯೇ ದೊರೆಯತಕ್ಕವು. ಆದರೆ ಪೆಟ್ರೋಲಿನಲ್ಲಿ ಆಲ್ಕೊಹಾಲು ಬೆರೆತ ಕ್ಷಣವೇ ಲೆಕ್ಕ ತಲೆಕೆಳಗಾಗುತ್ತದೆ. ಹರಳೆಣ್ಣೆ ಆಲ್ಕೊಹಾಲಿನಲ್ಲಿ ಕರಗುವುದು. ಅರಗಂತೂ ಅದರಲ್ಲಿಯೇ ಕರಗಿ ಮೆರುಗೆಣ್ಣೆಯಾಗುವುದು. ಸಾಬೂನೂ ತಕ್ಕಮಟ್ಟಿಗೆ ಸಡಿಲುವುದು. ಒಂದೂರಿನ ಪೆಟ್ರೋಲಿನಲ್ಲಿ ಚೆನ್ನಾಗಿ ನಿಂತ ರಿಪೇರಿಯು ಇನ್ನೊಂದೂರಿನ ಪೆಟ್ರೋಲಿನಲ್ಲಿ ಕೈಕೊಡುವ ಸಂಭವವಿತ್ತು. ಎರಡು ಸರ್ಕಾರಗಳ ಗಡಿಯನ್ನು ದಾಟಿ ಓಡಾಡುತ್ತಿದ್ದ ಲಾರಿಗಳ ಸಂದರ್ಭದಲ್ಲಿ ಈ ಅಂಶವನ್ನು ಯಾರೂ ವಿಚಾರಿಸಿದಂತೆ ತೋರದು. ೧೯೪೮ರ ಭಾರತೀಯ ಪವರ್ ಆಲ್ಕೊಹಾಲ್ ಕಾಯಿದೆಯ ಚರಿತ್ರೆಯನ್ನು ಬರೆಯುವವರು ಕಬ್ಬು, ಕಾಕಂಬಿ, ಸುಂಕಗಳ ಜೊತ���ಗೆ ಅರಗನ್ನೂ ಹರಳೆಣ್ಣೆಯನ್ನೂ ಗಣನೆಗೆ ತಂದುಕೊಳ್ಳಬೇಕೆಂಬುದು ನಮ್ಮ ಸೂಚನೆ.

ದುರಸ್ತಿಯನ್ನು ಹೊಗಳುವ ಭರದಲ್ಲಿ ಅದರ ಅಪಾಯವನ್ನು ಮರೆಯಲಾಗದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲವನ್ನು ಹಿಡಿದು ಹರಿದು, ಎಷ್ಟೋ ಅಡಿಗಳಾಚೆಯ ಬೀಡಿಯ ಕಿಡಿಯನ್ನು ಮುಟ್ಟಿ ಹಿಂದಿರುಗಿ ಉರಿಯಬಲ್ಲುದು. ಬಿರಡೆಯ ಬುಡ ಟ್ಯಾಂಕಿಗೆ ಸೇರುವ ಕಡೆ ಬೆಸುಗೆ ಬಿಟ್ಟಾಗ, ಬರಿದಾದ ಟ್ಯಾಂಕಿಗೆ ಬೆಸುಗೆ ಹಾಕುವುದು ತುಂಬಿದ ಟ್ಯಾಂಕಿಗಿಂತಲೂ ಅಪಾಯಕರ. ಏಕೆಂದರೆ ಬರಿದಾದುದರಲ್ಲಿ ಆವಿಯೂ ಗಾಳಿಯೂ ಬೆರೆತಿರುವುವು. ಬಿಸಿನೀರಿನಿಂದ, ಹಬೆಯಿಂದ ಹಲವು ಸಲ ತೊಳೆದ ಹೊರತು ಅದಕ್ಕೆ ಕಾವು ಮುಟ್ಟಿಸಬಾರದು. ಎತ್ತರದಲ್ಲಿ ಡಬ್ಬಿ ಕಟ್ಟಿ ಪೆಟ್ರೋಲು ಇಳಿಸುವ ಉಪಾಯವೂ ಪರೀಕ್ಷೆಗೆ ಸರಿಯೇ ಹೊರತು ಪ್ರಯಾಣಕ್ಕಲ್ಲ. ಕಾದ ಎಂಜಿನ್ನಿನ ಮೇಲೆ ಆ ಕೊಳವೆ ಕಳಚಿದರೆ ಚಾಲಕನಿಗೆ ಕೆಳಗೆ ನೆಗೆಯಲೂ ಅವಕಾಶವಿರದು. ಸೈನ್ಯದ ಕೈಪಿಡಿಯ ಕಟ್ಟುನಿಟ್ಟಿಗೆ ಇಂತಹ ಕಡೆಗಳಲ್ಲಿಯೇ ಬೆಲೆ. ಅಭಾವವು ಕಲಿಸಿದ ವಿದ್ಯೆಯಲ್ಲಿ ಜಾಣತನವೆಷ್ಟೋ ಅಷ್ಟೇ ಸುಟ್ಟ ಗಾಯಗಳೂ ಸೇರಿದ್ದುವೆಂದು ನಾವು ಒಪ್ಪಲೇಬೇಕು.

ಪೆಟ್ರೋಲ್ ಲಾರಿಯ ಕಾಲ ಬೇಗನೆ ಕಳೆಯಿತು. ೧೯೫೪ರಲ್ಲಿ ಟಾಟಾ ಮರ್ಸಿಡಿಸ್ ಡೀಸೆಲ್ ಲಾರಿಗಳ ತಯಾರಿಕೆ ಆರಂಭವಾಯಿತು. ಡೀಸೆಲ್ ಎಂಜಿನ್ನಿನ ಇಂಧನ ಪಂಪುಗಳನ್ನು ತಯಾರಿಸುವ ಮೈಕೋ ಕಂಪನಿ ೧೯೫೧ರಲ್ಲಿಯೇ ಬೆಂಗಳೂರಿನಲ್ಲಿ ಸ್ಥಾಪಿತವಾಗಿತ್ತು. ಸೈನ್ಯಕ್ಕೂ ಜಬ್ಬಲಪುರದಲ್ಲಿ ೧೯೫೯ರಿಂದ ಜರ್ಮನಿಯ ಮಾನ್ ಕಂಪನಿಯ ಮಾದರಿಯ ಶಕ್ತಿಮಾನ್ ಡೀಸೆಲ್ ಲಾರಿಗಳು ತಯಾರಾದುವು. ಡೀಸೆಲ್ಲಿನಲ್ಲಿ ಇಂಧನವನ್ನು ತಡೆಯುವುದಕ್ಕೆ ಬೇರೆಯೇ ಅರ್ಥ. ಪೆಟ್ರೋಲ್ ಎಂಜಿನ್ನನ್ನು ನಿಲ್ಲಿಸಲು ಕಿಡಿಯನ್ನು ಕಡಿದರೆ ಸಾಕು. ಬಿರಡೆಯು ಬರಿಯ ಕಾವಲುಗಾರ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಇಂಧನವನ್ನು ತಡೆಯುವುದೊಂದೇ ಅದನ್ನು ನಿಲ್ಲಿಸುವ ಮಾರ್ಗ. ಚಾಲಕನು ಎಳೆಯುವ ತಂತಿಯು ಪಂಪಿನೊಳಗಣ ಹಲ್ಲುಸರಳನ್ನು ಸರಿಸಿ ಇಂಧನವನ್ನು ಕಡಿಯುವುದು. ಆ ಪಂಪನ್ನು ಬೀದಿಬದಿಯ ಶೆಡ್ಡಿನಲ್ಲಿ ಅರೆದು ಕೂರಿಸಲಾಗದು; ಅದಕ್ಕೆ ಪ್ರತ್ಯೇಕವಾದ ಯಂತ್ರಗಳೂ ಅಳತೆಗಳೂ ಬೇಕು. ದುರಸ್ತಿಯ ವಿದ್ಯೆಯಲ್ಲಿ ಸಾಮಾನ್ಯ ಮೇಸ್ತ್ರಿ ಒಂದು ಕಡೆ, ಪಂಪಿನ ತಜ್ಞ ಇನ್ನೊಂದು ಕಡೆ ಎಂಬ ವಿಭಾಗವು ಹೀಗೆ ಏರ್ಪಟ್ಟಿತು.

ಈಗ ಯುದ್ಧಕಾಲದ ಲಾರಿಗಳು ಹವ್ಯಾಸಿಗಳ ಮತ್ತು ವಸ್ತುಸಂಗ್ರಹಾಲಯಗಳ ಸ್ವತ್ತಾಗಿವೆ. ಅವುಗಳನ್ನು ಮೊದಲಿನಂತೆ ಮಾಡಹೊರಟವರು ಹಳೆಯ ಬಿರಡೆಯನ್ನು ಕಿತ್ತೆಸೆದು ಹೊಸದನ್ನು ಹಾಕುವುದು ಸಾಮಾನ್ಯ. ಓಡಿಸುವ ವಾಹನಕ್ಕೆ ಇದು ಸರಿಯಾದ ಕ್ರಮವೇ. ೨೦೨೫ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲು ಎಥನಾಲು ಬೆರೆಯುವಂತಾಗಿರುವಾಗ, ಅರಗಿನ ಸಂದನ್ನೂ ಹಳೆಯ ರಬ್ಬರನ್ನೂ ನಂಬುವುದು ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡಂತೆ. ಮಂಡ್ಯದ ಆಲ್ಕೊಹಾಲು ಒಡ್ಡಿದ್ದ ಪ್ರಶ್ನೆಯೇ ಎಂಟು ದಶಕಗಳ ಮೇಲೆ ಮರಳಿ ಬಂದಿದೆ. ಆದರೆ ಕಿತ್ತ ಬಿರಡೆಯನ್ನು ಗುಜರಿಗೆ ಹಾಕುವುದು ಶಾಸನವಿದ್ದ ಕಲ್ಲನ್ನು ಮೆಟ್ಟಿಲಿಗೆ ಹಾಸಿದಂತೆ. ಸೈನ್ಯದ ಭಾಗಕ್ಕೆ ಎರಕದ ಸಂಖ್ಯೆಯಿರುವುದು. ಊರಿನಲ್ಲಿ ತಿರುಗಿಸಿದ ಗೂಟಕ್ಕೆ ಲೇತಿನ ಉಳಿಯ ಗುರುತು ಇರುವುದು. ಗೂಟವು ಎಷ್ಟು ಇಳಿದಿದೆಯೆಂಬುದರಿಂದ ಅದನ್ನು ಎಷ್ಟು ಅರೆದಿದ್ದಾರೆಂದು ತಿಳಿಯಬಹುದು. ಕಾಲನಿರ್ಣಯಕ್ಕೂ ಒಮ್ಮೊಮ್ಮೆ ಆಧಾರ ದೊರೆಯುತ್ತದೆ. ಯುದ್ಧಕಾಲದಲ್ಲಿ ಲೋಹವನ್ನು ಉಳಿಸಲೆಂದು ೧೯೪೩ರಿಂದ ೧೯೪೭ರವರೆಗೆ ನಡುವೆ ತೂತುಳ್ಳ ಕಂಚಿನ ಕಾಸನ್ನು ಟಂಕಿಸಿದರು. ಅದನ್ನು ಜನ ವಾಷರಿನಂತೆ ಬಳಸಿದರೆಂಬ ಮಾತು ಪ್ರಸಿದ್ಧವಾಗಿದೆ. ಬಿರಡೆಯ ತಳದ ನಟ್ಟಿನ ಅಡಿಯಲ್ಲಿ ಅಂತಹದೊಂದು ಕಾಸು ಸಿಕ್ಕಿದರೆ, ಆ ದುರಸ್ತಿಯು ಕಾಸಿನ ಮೇಲಿರುವ ವರ್ಷಕ್ಕಿಂತ ಹಿಂದಿನದಾಗಿರಲಾರದು.